ಆರನೆಯ ಕೈ

ಈಜುವಾಗ ಆರನೆಯ ಕೈಗೆ ತಲೆ ಎತ್ತುವುದು ದೋಷ ಎಂದು ಮೊದಲು ಬರೆದವಳು ನಾನೇ. ದೋಷಗಳ ಪಟ್ಟಿಯಲ್ಲಿ ಅದರ ಸಂಖ್ಯೆ ಹದಿನೇಳು. ವಿಚಾರಣೆಯ ದಿನ ಆ ಪಟ್ಟಿಯನ್ನು ಮೇಜಿನ ಮೇಲಿಟ್ಟು, "ಇದು ಯಂತ್ರ ಕಂಡುಹಿಡಿದದ್ದೋ, ಮನುಷ್ಯರು ಹೇಳಿಕೊಟ್ಟದ್ದೋ?" ಎಂದು ಕೇಳಿದರು. ಯಂತ್ರದ ಮೇಲೆ ಹಾಕಿ ಕೈ ತೊಳೆದುಕೊಳ್ಳಬಹುದಿತ್ತು. ನನ್ನ ಜೊತೆಗಿದ್ದವರೆಲ್ಲ ಹಾಗೆಯೇ ಮಾಡಿದರು. "ನಾನೇ ಹೇಳಿಕೊಟ್ಟದ್ದು" ಎಂದೆ. ನನ್ನ ಧೈರ್ಯವನ್ನು ಯಾರೋ ಹೊಗಳಿದರು. ಹೊಗಳುವಂಥದ್ದೇನೂ ಅದರಲ್ಲಿರಲಿಲ್ಲ. ಹೇಳಬೇಕಾದ ಜಾಗದಲ್ಲಿ, ಹೇಳಬೇಕಾದವರ ಎದುರು ಐದು ತಿಂಗಳು ತಡವಾಗಿ ಹೇಳಿ ಬಂದಿದ್ದೆ, ಆಮೇಲೆ ಅಧಿಕಾರಿಗಳ ಎದುರು ಹೇಳುವುದು ಏನು ಮಹಾ.

ನನ್ನ ಹೆಸರು ಕಾತ್ಯಾಯಿನಿ. ಹುಟ್ಟಿದ್ದು ನಂಜನಗೂಡಿನಲ್ಲಿ, ಈಜು ಕಲಿತದ್ದು ಕಪಿಲೆಯ ಮೆಟ್ಟಿಲುಗಳ ಬಳಿ, ಹೊಟ್ಟೆಪಾಡು ಮಂಗಳೂರಿನ ಒಂದು ಈಜು ಪ್ರಯೋಗಾಲಯದಲ್ಲಿ, ವಿಜ್ಞಾನಿಯಾಗಿ. ಇಪ್ಪತ್ತು ವರ್ಷ ಕಿಟಕಿಯಿಂದ ಕಡಲು ನೋಡಿದ್ದೇನೆ. ಸೊಂಟಮಟ್ಟದ ನೀರಿಗಿಂತ ಆಚೆಗೆ ಅದರೊಳಗೆ ಹೋದವಳಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ನಾವು ಮಾಡಿದ್ದು ಒಂದು ಅಂಗಿ. ಪತ್ರಿಕೆಯವರು ಅದಕ್ಕೆ 'ನೀರಂಗಿ' ಎಂದು ಹೆಸರಿಟ್ಟರು. ತಲೆಯ ಹಿಂಭಾಗದಿಂದ ಮೊಣಕಾಲಿನವರೆಗೆ ಮೈಗೆ ಅಂಟಿ ಕೂರುವ, ಈರುಳ್ಳಿ ಸಿಪ್ಪೆಯಷ್ಟು ತೆಳ್ಳನೆಯ ಬಟ್ಟೆ. ಅದರ ತುಂಬ ಎರಡು ಸಾವಿರ ಚುಕ್ಕಿಗಳು. ಅರ್ಧ ಚುಕ್ಕಿಗಳು ಮೈಯ ಮೇಲೆ ಹರಿಯುವ ನೀರಿನ ಒತ್ತಡವನ್ನು ಓದುತ್ತವೆ, ಉಳಿದರ್ಧ ಸ್ನಾಯುಗಳಿಗೆ ಸಣ್ಣ ಮಿಡಿತ ಕೊಡುತ್ತವೆ. ಈಜಿನ ಸ್ಪರ್ಧೆಯಲ್ಲಿ ಸೋಲುವವರಿಗೆ ಸಾಮಾನ್ಯವಾಗಿ ಬಲ ಕಡಿಮೆಯಿರುವುದಿಲ್ಲ. ಅವರ ಮೈ ನೀರನ್ನು ಎಲ್ಲೋ ಒಂದು ಕಡೆ ತಡೆದು ನಿಲ್ಲಿಸುತ್ತಿರುತ್ತದೆ. ಮೊಣಕೈ ತುಸು ಕೆಳಗೆ, ಸೊಂಟ ತುಸು ವಾಲಿ, ಪಾದ ತುಸು ಅಗಲ. ಕೋಚ್ ಸಾವಿರ ಸಲ ಕೂಗಿದರೂ ಮೈ ತನ್ನ ಚಾಳಿ ಬಿಡುವುದಿಲ್ಲ, ಏಕೆಂದರೆ ಕಿವಿಗೆ ಮಾತು ಬೀಳುವಷ್ಟರಲ್ಲಿ ಸ್ನಾಯು ತನ್ನ ಕೆಲಸ ಮುಗಿಸಿರುತ್ತದೆ. ನೀರಂಗಿಯ ಮಿಡಿತ ತಪ್ಪಿಗಿಂತ ಒಂದು ಕ್ಷಣ ಮೊದಲೇ ಬರುತ್ತದೆ. ಸೆಕೆಂಡಿನ ಹನ್ನೆರಡರಲ್ಲೊಂದು ಪಾಲು ಮೊದಲು. ಮೆದುಳು ಅದನ್ನು ತನ್ನದೇ ತೀರ್ಮಾನ ಎಂದುಕೊಂಡು ಬಿಡುತ್ತದೆ. ಆರು ವಾರ ಹೀಗೆ ಈಜಿದರೆ ಆಮೇಲೆ ಅಂಗಿಯೇ ಬೇಡ, ಮೈ ಹೊಸ ಪಾಠವನ್ನು ಹುಟ್ಟಿನಿಂದ ಬಂದದ್ದೆಂಬಂತೆ ಇಟ್ಟುಕೊಳ್ಳುತ್ತದೆ.

ಯಾವುದು ತಪ್ಪು ಎಂದು ಅಂಗಿಗೆ ಹೇಳಿಕೊಡಬೇಕಾದವರು ಮಾತ್ರ ನಾವು. ಪರದೆಯ ಮೇಲೆ ನೀರಿನ ಎಳೆತದ ಗೆರೆ ಓಡುತ್ತದೆ. ಗೆರೆ ಎಲ್ಲಿ ಎದ್ದು ನಿಂತಿತೋ ಅಲ್ಲಿ ಬೆರಳಿಟ್ಟು ಅದಕ್ಕೊಂದು ಹೆಸರು ಕೊಡುವುದು, ತಿದ್ದು ಎನ್ನುವುದು. ಬೆರಳು ನನ್ನದು.

ನಿಶ್ಮಿತಾ ತಿಂಗಳಾಯಳನ್ನು ಪ್ರಯೋಗಾಲಯಕ್ಕೆ ಕರೆದುಕೊಂಡು ಬಂದದ್ದು ಕೋಚ್ ಆಲ್ಬನ್ ಲೋಬೊ. ಹದಿನೇಳು ವರ್ಷದ ಹುಡುಗಿ. ನದಿ ಕಡಲು ಸೇರುವ ಕಡೆ ಪಡುಕುದ್ರು ಎಂಬ ಮರಳು ದಿಬ್ಬದ ಊರು, ಅಲ್ಲಿಯ ಮೀನುಗಾರರ ಮಗಳು. ಮೊದಲ ದಿನ ಕೊಳಕ್ಕಿಳಿದಾಗಲೇ ನಮಗೆಲ್ಲ ನಗು ಬಂತು. ಉಸಿರಿಗೆ ಪಕ್ಕಕ್ಕೆ ಹೊರಳುವುದು ಎಲ್ಲರಿಗೂ ಇದ್ದದ್ದೇ. ಇವಳು ಅದಲ್ಲದೆ ಪ್ರತಿ ಆರನೆಯ ಕೈಗೆ ಮುಖವನ್ನು ನೇರ ಮುಂದಕ್ಕೆ, ಕಣ್ಣು ನೀರಿನಿಂದ ಹೊರಬರುವಷ್ಟು ಎತ್ತುತ್ತಿದ್ದಳು. ತಲೆ ಎದ್ದರೆ ಸೊಂಟ ಮುಳುಗುತ್ತದೆ, ವೇಗ ಸಾಯುತ್ತದೆ. ಪರದೆಯ ಮೇಲಿನ ಗೆರೆ ಗರಗಸದ ಹಲ್ಲಿನಂತೆ ಕಾಣುತ್ತಿತ್ತು.

"ಅದೆಂತ ನಿಶ್ಮಿತಾ, ಮೊಸಳೆಯ ಹಾಗೆ ಮೂತಿ ಎತ್ತುದು?" ಎಂದು ಲೋಬೊ ಕೇಳಿದರು.

"ಅಪ್ಪ ಹೇಳಿಕೊಟ್ಟದ್ದು ಸರ್. ಆರು ಕೈಗೆ ಒಮ್ಮೆ ನೋಡ್ಬೇಕು. ದೋಣಿ, ಬಲೆ, ದಡ. ಮೂರೂ ಕಂಡ್ರೆ ಮಾತ್ರ ಮುಂದೆ ಹೋಗುದು."

"ಇಲ್ಲಿ ಎಂತ ದೋಣಿ ಬರ್ತದಾ ಮಾರಾಯ್ತಿ?"

"ಇಲ್ಲ ಸರ್. ಆದ್ರೆ ನಾನು ಎತ್ತುದಲ್ಲ, ಅದೇ ಏಳ್ತದೆ."

ಅದೇ ಏಳುತ್ತದೆ ಎಂಬ ಮಾತು ಕೇಳಿ ನನಗೆ ಖುಷಿಯಾಯಿತು. ಇಂಥ ಚಾಳಿಗಳಿಗಾಗಿಯೇ ನಾವು ಅಂಗಿ ಹೊಲಿದದ್ದು. ಗರಗಸದ ಒಂದು ಹಲ್ಲಿನ ಮೇಲೆ ಬೆರಳಿಟ್ಟು ಬರೆದೆ: ದೋಷ ಹದಿನೇಳು, ಅನಗತ್ಯ ತಲೆ ಎತ್ತುವಿಕೆ.

ಇಲ್ಲಿ ನನ್ನದೇ ಒಂದು ಹಳೆಯ ಸಂಗತಿ ಹೇಳಬೇಕು. ಹೇಳದಿದ್ದರೆ ನನಗೆ ಗೊತ್ತೇ ಇರಲಿಲ್ಲ ಎಂದು ಓದುವವರು ನನ್ನನ್ನು ಕ್ಷಮಿಸಿಬಿಟ್ಟಾರು. ನಿಶ್ಮಿತಾ ಬರುವುದಕ್ಕೆ ಎರಡು ವರ್ಷ ಮೊದಲು ಅಂಗಿಯನ್ನು ಮೊದಲು ಹಾಕಿಕೊಂಡವಳು ನಾನು. ನೀರಿಗಿಳಿದ ಕೂಡಲೇ ಬೊಗಸೆಯಲ್ಲಿ ಒಂದಿಷ್ಟು ನೀರೆತ್ತಿ ಕಣ್ಣಿಗೆ ಮುಟ್ಟಿಸಿಕೊಳ್ಳುವುದು ನನ್ನ ಅಭ್ಯಾಸ. ಕಪಿಲೆಯಲ್ಲಿ ಅಮ್ಮ ಕಲಿಸಿದ್ದು. ಕ್ಲೋರಿನ್ ವಾಸನೆಯ ಕೊಳವಾದರೂ ಕೈ ತಾನಾಗಿ ಹೋಗುತ್ತಿತ್ತು. ಆರು ವಾರದ ಪ್ರಯೋಗ ಮುಗಿದ ಮೇಲೆ ಒಂದು ಬೆಳಿಗ್ಗೆ ಕ್ಲಬ್ಬಿನ ಕೊಳದಲ್ಲಿ ಈಜಿ ಮೇಲೆ ಬಂದೆ. ಬೆಂಚಿನ ಮೇಲೆ ಪೇಪರ್ ಹಿಡಿದು ಕೂತಿದ್ದ ನನ್ನ ಗಂಡ ಸುದರ್ಶನ ಟವೆಲ್ ಕೊಡುತ್ತ, "ಏನೇ, ದೇವರ ಮೇಲೆ ಮುನಿಸ್ಕೊಂಡಿದ್ದೀಯಾ? ಕಣ್ಣಿಗೆ ನೀರು ಮುಟ್ಟಿಸ್ಕೊಳ್ಳೋದೇ ಬಿಟ್ಬಿಟ್ಟೆ" ಎಂದರು.

"ಮುಟ್ಟಿಸ್ಕೊಂಡ್ನಲ್ಲ ಈಗ ತಾನೆ."

"ಇಲ್ಲ ಕಣೇ. ಒಂದು ವಾರದಿಂದ ನೋಡ್ತಿದೀನಿ."

ನಾನು ವಾದ ಮಾಡಿದೆ. ತಣ್ಣನೆಯ ನೀರು ರೆಪ್ಪೆಗೆ ತಾಗಿದ್ದು ನನಗೆ ಸ್ಪಷ್ಟವಾಗಿ ನೆನಪಿತ್ತು. ಕೊನೆಗೆ ಪ್ರಯೋಗಾಲಯಕ್ಕೆ ಹೋಗಿ ಪ್ರಯೋಗದ ಕೊನೆಯ ದಿನಗಳ ಕ್ಯಾಮೆರಾ ಚಿತ್ರ ನೋಡಿದೆ. ಕೈ ಎದ್ದಿರಲೇ ಇಲ್ಲ. ಹೊರಡುವ ಮೊದಲಿನ ವ್ಯರ್ಥ ಚಲನೆ ಎಂದು ಅಂಗಿ ಅದನ್ನು ಅಳಿಸಿ ಹಾಕಿತ್ತು, ಮೆದುಳು ಮಾತ್ರ ಹಳೆಯ ದಿನಗಳ ನೆನಪನ್ನು ತಂದು ಆ ಖಾಲಿ ಜಾಗಕ್ಕೆ ಅಂಟಿಸಿಕೊಂಡಿತ್ತು. ನನಗೆ ಭಯವಾಗಬೇಕಿತ್ತು. ಆಗಲಿಲ್ಲ. ನೋಟ್‌ಬುಕ್ಕಿನಲ್ಲಿ ಹೀಗೆ ಬರೆದೆ: "ಅಳಿಸಿದ್ದು ಈಜುವವರಿಗೆ ತಿಳಿಯುವುದಿಲ್ಲ. ಈಗಲೂ ಮಾಡುತ್ತಿದ್ದೇನೆ ಎಂದೇ ನಂಬುತ್ತಾರೆ. ಒಳ್ಳೆಯದು." ತಿಳಿದರೆ ತಾನೇ ಮೈ ಎದುರಾಡುವುದು, ತಿಳಿಯದಿದ್ದರೆ ಪಾಠ ಬೇಗ ಇಳಿಯುತ್ತದೆ, ಅದು ನನ್ನ ಲೆಕ್ಕಾಚಾರ.

ಆರು ವಾರಗಳಲ್ಲಿ ನಿಶ್ಮಿತಾಳ ಗೆರೆಯಿಂದ ಹಲ್ಲುಗಳು ಒಂದೊಂದಾಗಿ ಉದುರಿದವು. ಇನ್ನೂರು ಮೀಟರಿನಲ್ಲಿ ಐದೂವರೆ ಸೆಕೆಂಡು ಉಳಿಯಿತು. ಈಜು ಗೊತ್ತಿರುವವರಿಗೆ ಐದೂವರೆ ಸೆಕೆಂಡು ಎಂದರೆ ಏನೆಂದು ಗೊತ್ತು. ಆ ಬೇಸಿಗೆ ಅವಳು ರಾಷ್ಟ್ರೀಯ ಕೂಟದಲ್ಲಿ ಚಿನ್ನ ಗೆದ್ದಳು. ನೀರಂಗಿಗೆ ರಾಜ್ಯದ ಹದಿನಾಲ್ಕು ಈಜುಕೊಳಗಳಿಂದ ಬೇಡಿಕೆ ಬಂತು. ಅವಳ ಪದಕವನ್ನು ನನ್ನ ಕೊರಳಿಗೂ ಒಮ್ಮೆ ಹಾಕಿ ಫೋಟೊ ತೆಗೆದರು. ಆ ಫೋಟೊ ನೋಡಿದರೆ ಈಗಲೂ ಮುಖ ಮುಚ್ಚಿಕೊಳ್ಳಬೇಕೆನಿಸುತ್ತದೆ, ಅಷ್ಟು ಜಂಬ ಅದರಲ್ಲಿ.

ಚಿನ್ನ ಬಂದ ಮರುವಾರ ಅವಳ ಅಪ್ಪ ವಾಮನ ತಿಂಗಳಾಯರು ಮಗಳು ಈಜುವುದನ್ನು ನೋಡಲು ಕೊಳಕ್ಕೆ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ನಮಗೆಂದು ತಂದ ಒಣಸಿಗಡಿಯ ಪೊಟ್ಟಣ. ಗಾಜಿನ ಆಚೆ ಅವಳು ಕೊಳದ ನಾಲ್ಕು ಉದ್ದ ಈಜುವುದನ್ನು ನಿಂತೇ ನೋಡಿದರು.

"ತಲೆ ಎತ್ತುದಿಲ್ಲವಲ್ಲ ಮೇಡಂ" ಎಂದರು ಆಮೇಲೆ.

ನಾನು ಉತ್ಸಾಹದಿಂದ ಎರಡೂ ಗೆರೆಗಳನ್ನು ತೋರಿಸಿದೆ. ಗರಗಸ ಒಂದು, ನೂಲಿನಂಥದು ಇನ್ನೊಂದು. "ಇಲ್ಲಿ ದೋಣಿ ಬರಲ್ವಲ್ಲ, ಅದಕ್ಕೇ ತೆಗೆದ್ವಿ."

"ಅದು ಸರಿ. ಕಡಲಲ್ಲಿ ಎತ್ತುತ್ತಾಳಲ್ಲ?"

ಅವರು ಕೇಳಿದ್ದು ಇಷ್ಟೇ. ನಮ್ಮ ಎಷ್ಟೋ ಸಭೆಗಳಲ್ಲಿ ಎಷ್ಟೋ ದೊಡ್ಡವರು ಕೇಳದೆ ಬಿಟ್ಟ ಪ್ರಶ್ನೆ. ನನಗೆ ಉತ್ತರ ಗೊತ್ತಿರಲಿಲ್ಲ. ಕೊಳಕ್ಕೊಂದು ಮೈ, ಕಡಲಿಗೊಂದು ಮೈ ಇರುವುದಿಲ್ಲವೆಂದು ಒಳಗೆಲ್ಲೋ ಚುಚ್ಚಿತು. ಲೋಬೊ ಪಕ್ಕದಲ್ಲಿದ್ದರು, ಪತ್ರಿಕೆಯವನೊಬ್ಬ ಬಾಗಿಲಲ್ಲಿ ಕಾಯುತ್ತಿದ್ದ.

"ಎತ್ತುತ್ತಾಳೆ, ಎತ್ತುತ್ತಾಳೆ" ಎಂದೆ. ಎರಡು ಸಲ ಹೇಳಿದೆ.

ಅವರು ತಲೆಯಾಡಿಸಿದರು. ಓದಿದವರ ಮಾತನ್ನು ನಂಬುವ ಮನುಷ್ಯ.

ಪಡುಕುದ್ರುವಿನಲ್ಲಿ ಒಂದು ಕ್ರಮವಿದೆ. ಮಳೆಗಾಲದ ಬಿಡುವು ಮುಗಿದು ನೂಲಹುಣ್ಣಿಮೆಯ ದಿನ ಕಡಲಿಗೆ ಹಾಲೆರೆದು, ತೆಂಗಿನಕಾಯಿ ಬಿಟ್ಟು, ಆ ವರ್ಷದ ಮೊದಲ ಕೈರಂಪಣಿ ಬಲೆಯನ್ನು ಅರ್ಧಚಂದ್ರಾಕಾರವಾಗಿ ನೀರಿಗೆ ಬಿಡುತ್ತಾರೆ. ಊರಿಗೆ ಊರೇ ದಡದಲ್ಲಿ ನಿಂತು ಎರಡೂ ತುದಿಯ ಹಗ್ಗ ಎಳೆಯುತ್ತದೆ. ನಾಲ್ಕು ಮಂದಿ ಈಜುಗಾರರು ಬಲೆಯ ಹೊರಗಿನಿಂದ ಒಬ್ಬರ ಹಿಂದೊಬ್ಬರು ಈಜುತ್ತ, ಸಿಕ್ಕುಬಿದ್ದ ಕಡೆ ಬಿಡಿಸುತ್ತ ಹೋಗುತ್ತಾರೆ. ಹಿಂದಿನ ಮೂವರ ಕಣ್ಣು ಬಲೆಯ ಮೇಲೆ. ಕಡಲನ್ನು ನೋಡುವ ಕೆಲಸ ಮುಂದಿನವರದ್ದು ಮಾತ್ರ. ದೋಣಿ ಕಂಡರೆ ಮುಂದಿನವರು ನಿಂತು ಕೈ ಎತ್ತಬೇಕು, ಆಗ ನಾಲ್ವರೂ ನಿಲ್ಲುತ್ತಾರೆ, ದೋಣಿಯವನೂ ಎತ್ತಿದ ಕೈ ನೋಡಿ ತಿರುಗಿಸುತ್ತಾನೆ. ಹತ್ತೊಂಬತ್ತು ವರ್ಷ ಆ ಜಾಗ ವಾಮನರದ್ದು. ಆ ವರ್ಷ ಅವರು ಅದನ್ನು ಮಗಳಿಗೆ ಬಿಟ್ಟುಕೊಟ್ಟು ತಾವು ಎರಡನೆಯವರಾದರು. ಹೆಣ್ಣುಮಗಳೊಬ್ಬಳು ಮುಂದೆ ಈಜುವುದು ಅಲ್ಲಿ ಅದೇ ಮೊದಲಂತೆ.

"ಕಡಲಲ್ಲೂ ಅಂಗಿ ಹಾಕ್ಕೊಂಡೇ ಇಳಿ" ಎಂದು ಅವಳಿಗೆ ಹೇಳಿದ್ದೆ. ಮಿಡಿತಗಳನ್ನು ನಿಲ್ಲಿಸಿ, ಓದುವ ಚುಕ್ಕಿಗಳನ್ನಷ್ಟೇ ಬಿಟ್ಟಿದ್ದೆವು. ಅಲೆಯ ನೀರಿನಲ್ಲಿ ಅವಳ ಮೈ ಹೇಗೆ ನಡೆದುಕೊಳ್ಳುತ್ತದೆಂಬ ದಾಖಲೆ ಪುಕ್ಕಟೆ ಸಿಗುತ್ತದಲ್ಲ ಎಂಬ ಆಸೆ ನನಗೆ. ದಡದಲ್ಲಿಟ್ಟ ಸಣ್ಣ ಡಬ್ಬಿಯಿಂದ ಗೆರೆ ನೇರವಾಗಿ ಪ್ರಯೋಗಾಲಯದ ಪರದೆಗೆ ಬರುತ್ತಿತ್ತು. ನಾನೂ ಲೋಬೊ ಅವರೂ ಚಹ, ಗೋಳಿಬಜೆ ಇಟ್ಟುಕೊಂಡು ಅದರ ಎದುರು ಕೂತಿದ್ದೆವು.

ಎಂಥ ಗೆರೆ ಅದು! ಅಲೆಗಳ ನಡುವೆಯೂ ನೂಲು ಎಳೆದಂತೆ. "ನೋಡಿ ಲೋಬೊ, ಒಂದೇ ಒಂದು ಹಲ್ಲಿಲ್ಲ" ಎಂದು ನಾನು ಪರದೆಗೆ ಬೆರಳು ತೋರಿಸಿದೆ. ಲೋಬೊ ನನ್ನ ಬೆನ್ನು ತಟ್ಟಿದರು. ಇನ್ನೂರ ಹದಿನಾಲ್ಕನೆಯ ಕೈಯ ಬಳಿ ಗೆರೆ ಒಮ್ಮೆಲೇ ಚೆಲ್ಲಾಪಿಲ್ಲಿಯಾಯಿತು. ಕೆಲಸ ಮುಗಿಸಿ ತಿರುಗಿದ್ದಾಳೆ ಎಂದುಕೊಂಡು ನಾನು ಇನ್ನೊಂದು ಗೋಳಿಬಜೆ ತೆಗೆದುಕೊಂಡೆ. ಆ ಹೊತ್ತಿನಲ್ಲಿ ಅವಳು ಅಪ್ಪನ ಕಡೆಗೆ ವಾಪಸು ಈಜುತ್ತಿದ್ದಳು.

ಹಬ್ಬ ನೋಡಲು ಬಂದವರನ್ನು ತುಂಬಿಕೊಂಡ ಯಂತ್ರದ ದೋಣಿಯೊಂದು ಅಳಿವೆಯ ಕಡೆಯಿಂದ ಬಂದಿತ್ತು. ನಿಶ್ಮಿತಾ ನೋಡಲಿಲ್ಲ, ನಿಲ್ಲಲಿಲ್ಲ, ಕೈ ಎತ್ತಲಿಲ್ಲ. ವೇಗವಾಗಿ ಈಜುತ್ತಿದ್ದುದರಿಂದ ದೋಣಿಯ ದಾರಿಯನ್ನು ದಾಟಿಬಿಟ್ಟಿದ್ದಳು. ಎರಡನೆಯವರಾಗಿದ್ದ ವಾಮನರು ಬಲೆಯ ಸಿಕ್ಕೊಂದನ್ನು ಬಿಡಿಸುತ್ತ ಸರಿಯಾಗಿ ಆ ದಾರಿಯಲ್ಲಿದ್ದರು. ಮಗಳ ಕೈ ಏಳದಿದ್ದ ಮೇಲೆ ಕಡಲು ಖಾಲಿಯಿದೆ ಎಂದು ನಂಬಿದ್ದರು. ದೋಣಿಯ ಅಡಿಯ ಚಕ್ರಕ್ಕೆ ಸಿಕ್ಕಿ ಎಡಗಾಲು ಮೊಣಕಾಲಿನಿಂದ ಕೆಳಗೆ ಹೋಯಿತು. ನಾವು ಅವಳಿಗೆ ಉಳಿಸಿಕೊಟ್ಟ ಐದೂವರೆ ಸೆಕೆಂಡುಗಳಿಂದ ಅವಳು ಪಾರಾದಳು, ಕಾಲು ಕಳೆದುಕೊಂಡವರು ಅವಳ ಅಪ್ಪ.

ದೋಣಿಯವನಿಗೂ ಶಿಕ್ಷೆಯಾಯಿತು. ಆದರೆ ಪಡುಕುದ್ರುವಿನಲ್ಲಿ ಮೊದಲು ಕೇಳುವುದು ಮುಂದೆ ಈಜಿದವರನ್ನು. ಊರಿನ ಹಿರಿಯರಾದ ಗುರಿಕಾರರ ಮನೆಯಂಗಳದಲ್ಲಿ ಸಭೆ ಕೂಡಿತು. ಕಣ್ಣು ತಪ್ಪುವುದು ಯಾರಿಗಾದರೂ ಆಗುವಂಥದ್ದೇ, ತಪ್ಪಿತು ಎಂದು ಒಪ್ಪಿಕೋ ಎಂದರು. ನಿಶ್ಮಿತಾ ಒಪ್ಪಲಿಲ್ಲ. ಪ್ರತಿ ಆರನೆಯ ಕೈಗೂ ನೋಡಿದ್ದೆ, ದೋಣಿ ಇರಲಿಲ್ಲ ಎಂದಳು. ಹಿಂದಿದ್ದ ಇಬ್ಬರು, ಒಮ್ಮೆಯೂ ಇವಳ ತಲೆ ಎದ್ದದ್ದನ್ನು ತಾವು ಕಂಡಿಲ್ಲ ಎಂದರು. ಇವಳು ಕಣ್ಣೀರು ಹಾಕಿಕೊಂಡೇ ಅದೇ ಮಾತು ಹೇಳಿದಳು. ನಿಜ ಹೇಳುವವರೆಗೆ ಬಲೆಯ ಜೊತೆ ನೀರಿಗಿಳಿಯುವ ಹಾಗಿಲ್ಲ ಎಂದು ತೀರ್ಮಾನವಾಯಿತು. ಆಸ್ಪತ್ರೆಯಿಂದ ಮನೆಗೆ ಬಂದ ವಾಮನರು ಮಗಳ ಜೊತೆ ಮಾತು ಬಿಟ್ಟರು. ಕಾಲು ಹೋದದ್ದಕ್ಕೆ ಅವರು ಒಂದು ದಿನವೂ ಅವಳನ್ನು ದೂರಲಿಲ್ಲವಂತೆ. ಸುಳ್ಳು ಹೇಳುವ ಮಗಳನ್ನು ನಾನು ಬೆಳೆಸಿಲ್ಲ ಎಂದರಂತೆ.

ಅಪಘಾತದ ಸಂಜೆಯೇ ಆ ದಾಖಲೆಯನ್ನು ನಾನು ಮತ್ತೆ ತೆರೆದು ನೋಡಿದ್ದೆ. ಇನ್ನೂರ ಹದಿನಾಲ್ಕು ಕೈ. ತಲೆ ಎತ್ತಿದ್ದು, ಸೊನ್ನೆ. ಅವಳು ನೋಡಿಲ್ಲ ಎಂದೂ, ಅವಳು ಸುಳ್ಳು ಹೇಳುತ್ತಿಲ್ಲ ಎಂದೂ ಗೊತ್ತಿದ್ದವಳು ಲೋಕದಲ್ಲಿ ನಾನೊಬ್ಬಳೇ. ಲೋಬೊ ಅವರಿಗೆ ಹೇಳಿದೆ.

"ಕಡಲಲ್ಲಿ ಹಾಕ್ಲಿಕ್ಕೆ ನಮಗೆ ಅನುಮತಿಯೇ ಇರ್ಲಿಲ್ಲ ಡಾಕ್ಟ್ರೇ" ಎಂದರು ಲೋಬೊ. "ಈಗ ಬಾಯಿಬಿಟ್ರೆ ಹದಿನಾಲ್ಕು ಕೊಳವೂ ಹೋಯ್ತು, ನಾವೂ ಹೋದ್ವು. ಹುಡುಗಿಗೆ ಕಾಲಕ್ರಮೇಣ ಸರಿ ಆಗ್ತದೆ."

ಬೇರೆಯವರ ಮನೆಯ ವಿಷಯದಲ್ಲಿ ಕಾಲಕ್ರಮೇಣ ಎಂಬ ಮಾತು ಎಷ್ಟು ಸಲೀಸಾಗಿ ಬಾಯಿಗೆ ಬರುತ್ತದೆ! ನಾನೂ ಅದನ್ನೇ ಹಿಡಿದುಕೊಂಡೆ. ಒಂದು ತಿಂಗಳಾದ ಮೇಲೆ ನಿಶ್ಮಿತಾಳ ಅಮ್ಮ ಲೀಲಕ್ಕ ಫೋನ್ ಮಾಡಿದರು. "ನೀವು ಒಮ್ಮೆ ಅವಳಿಗೆ ಹೇಳಿ ಮೇಡಂ, ನಿಮ್ಮ ಮಾತಾದ್ರೆ ಕೇಳ್ತಾಳೆ. ತಪ್ಪಾಯ್ತು, ನೋಡ್ಲಿಲ್ಲ ಅಂತ ಅಪ್ಪನ ಹತ್ರ ಒಂದು ಮಾತು ಹೇಳಲಿ. ಅವರಿಗೆ ಅಷ್ಟು ಸಾಕು. ಮನೆಯಲ್ಲಿ ಇಬ್ರೂ ಊಟಕ್ಕೆ ಒಟ್ಟಿಗೆ ಕೂತ್ಕೊಳ್ಳುದಿಲ್ಲ."

"ಹೇಳ್ತೀನಿ ಲೀಲಕ್ಕ" ಎಂದೆ. ಫೋನಿಗೆ ಬಂದ ನಿಶ್ಮಿತಾ, "ನೀವೂ ನನ್ನನ್ನು ನಂಬುದಿಲ್ವಾ ಮೇಡಂ?" ಎಂದು ಕೇಳಿದಳು. "ನಂಬ್ತೀನಿ" ಎಂದೆ. ಅದು ನಿಜವೇ. ಅದರ ಮುಂದಿನ ಮಾತು ಬಿಟ್ಟು ಕಾಲೇಜಿನ ಸುದ್ದಿ ಕೇಳಿದೆ. ಕಾಲೇಜಿಗೆ ತಡವಾಗುತ್ತದೆಂದು ಅವಳೇ ಫೋನ್ ಇಟ್ಟಳು.

ಹೀಗೆ ಐದು ತಿಂಗಳು ಹೋದವು. ಸಂಕ್ರಾಂತಿಯ ಬೆಳಿಗ್ಗೆ ನನ್ನ ಅಡುಗೆಮನೆಯಲ್ಲಿ ಎಳ್ಳು ಬೀರಲು ತಟ್ಟೆ ಜೋಡಿಸುತ್ತಿದ್ದೆ. ಸುದರ್ಶನ ಕಬ್ಬಿನ ತುಂಡು ಕತ್ತರಿಸುತ್ತ ಸುಮ್ಮನೆ ಕೇಳಿದರು, "ಆಮೇಲೆ ನಿಂಗೆ ಆ ಅಭ್ಯಾಸ ಬಂತೇನೇ? ಕಣ್ಣಿಗೆ ನೀರು ಮುಟ್ಟಿಸ್ಕೊಳ್ಳೋದು?"

"ಬಂತಲ್ಲ. ಆವತ್ತಿಂದ ನೆನಪಿಟ್ಟು ಮಾಡ್ತಿದೀನಿ."

ಅವರು ಕಬ್ಬಿನಿಂದ ಕಣ್ಣೆತ್ತಿ ನನ್ನನ್ನೇ ನೋಡಿದರು. ಇಲ್ಲ ಎಂಬಂತೆ ತಲೆಯಾಡಿಸಿದರು. ನನ್ನ ಕೈಯಲ್ಲಿದ್ದ ಎಳ್ಳು ನೆಲದ ಮೇಲೆಲ್ಲ ಚೆಲ್ಲಿತು. ಹೆಚ್ಚುಕಡಿಮೆ ಮೂರು ವರ್ಷದಿಂದ ನಾನು ಮುಟ್ಟಿಸಿಕೊಂಡಿರಲಿಲ್ಲ, ಮುಟ್ಟಿಸಿಕೊಂಡ ತಂಪು ಮಾತ್ರ ರೆಪ್ಪೆಯ ಮೇಲಿತ್ತು. ಎಲ್ಲವನ್ನೂ ಬಲ್ಲ ನನ್ನ ಗತಿಯೇ ಹೀಗಾದರೆ, ಏನೂ ತಿಳಿಯದ ಆ ಹುಡುಗಿ ಸಭೆಯ ನಡುವೆ ನಿಂತು ಯಾವುದನ್ನು ಒಪ್ಪಿಕೊಳ್ಳಬೇಕಿತ್ತು? ಅವತ್ತೇ ನೋಟ್‌ಬುಕ್ ಚೀಲಕ್ಕೆ ಹಾಕಿಕೊಂಡು ಪಡುಕುದ್ರುವಿನ ದೋಣಿ ಹತ್ತಿದೆ.

ವಾಮನರು ಮನೆಯ ಜಗಲಿಯಲ್ಲಿ ಬಲೆ ಹರಡಿಕೊಂಡು ಹೆಣೆಯುತ್ತಿದ್ದರು. ಪ್ಲಾಸ್ಟಿಕ್ಕಿನ ಕಾಲು ಪಕ್ಕದ ಗೋಡೆಗೆ ಒರಗಿತ್ತು. "ಬನ್ನಿ ಮೇಡಂ, ಕೂತ್ಕೊಳ್ಳಿ" ಎಂದು ಬಲೆ ಸರಿಸಿ ಜಾಗ ಮಾಡಿದರು. ನಿಶ್ಮಿತಾ ಚಹ ತಂದಳು. ನನ್ನದನ್ನು ಕೈಗೆ ಕೊಟ್ಟು, ಅಪ್ಪನದನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು. ಅವಳು ಒಳಗೆ ಹೋದ ಮೇಲೆ ಅವರು ಅದನ್ನು ತೆಗೆದುಕೊಳ್ಳುವುದು ರೂಢಿಯಾಗಿದೆ ಎಂದು ನೋಡಿದರೇ ಗೊತ್ತಾಗುತ್ತಿತ್ತು.

"ಇಲ್ಲೇ ಇರು ನಿಶ್ಮಿತಾ. ಲೀಲಕ್ಕನನ್ನೂ ಕರಿ" ಎಂದೆ.

ಮೂರು ಗೆರೆಗಳನ್ನು ತೋರಿಸಿದೆ. ಮೊದಲ ದಿನದ ಗರಗಸ, ಆರು ವಾರದ ಮೇಲಿನ ನೂಲು, ನೂಲಹುಣ್ಣಿಮೆಯ ದಿನದ ನೂಲು. ಅಂಗಿ ಹೇಗೆ ಅಳಿಸುತ್ತದೆ, ಅಳಿಸಿದ್ದು ಮೈಯ ಒಡೆಯರಿಗೇ ಹೇಗೆ ತಿಳಿಯುವುದಿಲ್ಲ, ಕಣ್ಣಿಗೆ ನೀರು ಮುಟ್ಟಿಸಿಕೊಳ್ಳುವ ನನ್ನ ಕಥೆ, ಒಂದೂ ಬಿಡದೆ ಹೇಳಿದೆ. ನೋಟ್‌ಬುಕ್ಕಿನ ಪುಟ ತೆರೆದು ವಾಮನರ ಮುಂದಿಟ್ಟೆ. "ನಿಶ್ಮಿತಾ ಸುಳ್ಳು ಹೇಳಿಲ್ಲ. ಅವಳು ನೋಡಲಾರದ ಹಾಗೆ ಮಾಡಿದವಳು ನಾನು. ಅವತ್ತೇ ಸಾಯಂಕಾಲ ನನಗೆ ಗೊತ್ತಾಗಿತ್ತು. ಬಂದು ಹೇಳಲಿಲ್ಲ."

ಲೀಲಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅವರು ಅಳುತ್ತಾರೆಯೇ ಬೈಯುತ್ತಾರೆಯೇ ತಿಳಿಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

"ನಾನು ಕೇಳಿದ್ದೆ ನಿಮ್ಮತ್ರ" ಎಂದರು ವಾಮನರು. "ಕಡಲಲ್ಲಿ ಎತ್ತುತ್ತಾಳಲ್ಲ ಅಂತ."

"ಹೌದು."

"ಎತ್ತುತ್ತಾಳೆ ಅಂದ್ರಿ."

"ಹೌದು. ಗೊತ್ತಿಲ್ಲ ಅನ್ನಬೇಕಿತ್ತು."

ನಾನು ತಿಳಿದಿದ್ದೆ, ಈಗ ಅಪ್ಪ ಮಗಳನ್ನು ಕರೆಯುತ್ತಾರೆ, ಮಗಳು ಓಡಿಬರುತ್ತಾಳೆ, ನಾನು ಮಾಡಿದ ಗಾಯಕ್ಕೆ ನಾನೇ ಮದ್ದು ಹಚ್ಚಿದಂತಾಗುತ್ತದೆ ಎಂದು. ವಾಮನರು ಕರೆದರು. "ನಿಶ್ಮಿ, ಇಲ್ಲಿ ಬಾ ಮಗಾ." ಐದು ತಿಂಗಳಲ್ಲಿ ಅದು ಮೊದಲ ಮಾತು. ಅವಳಿಗೆ ಕೇಳಿಸಿದಂತೆ ಕಾಣಲಿಲ್ಲ. ಮೂರನೆಯ ಗೆರೆಯನ್ನೇ ನೋಡುತ್ತಿದ್ದಳು.

"ಹಾಗಾದ್ರೆ ನಾನು ನೋಡ್ಲೇ ಇಲ್ವಾ ಮೇಡಂ?"

"ಇಲ್ಲ ನಿಶ್ಮಿತಾ."

"ನನಗೆ ನೆನಪುಂಟು. ದಡದಲ್ಲಿ ಅಮ್ಮ ಹಗ್ಗ ಹಿಡಿದದ್ದು ಕಂಡಿತ್ತು."

"ಅದು ಬೇರೆ ಯಾವತ್ತಿನದೋ. ಹಳೆಯ ನೆನಪು."

"ಎಲ್ರೂ ಸುಳ್ಳಿ ಅಂದ್ರು. ಅಪ್ಪನೂ. ಆದ್ರೂ ನನ್ನೊಳಗೆ ಒಂದಿತ್ತು ಮೇಡಂ, ನಾನು ನೋಡಿದ್ದೆ, ನನ್ನ ಕೆಲಸ ನಾನು ಮಾಡಿದ್ದೆ ಅಂತ. ಅದೊಂದನ್ನೇ ಹಿಡ್ಕೊಂಡಿದ್ದೆ." ಅವಳ ದನಿ ಅಲ್ಲಿಗೆ ಒಡೆಯಿತು. "ಅಪ್ಪನ ಕಾಲು ನಾನೇ ತೆಗೆದದ್ದು, ಅಲ್ವಾ?"

ಅವಳ ಮೇಲಿದ್ದ ಸುಳ್ಳಿನ ಕಳಂಕವನ್ನು ತೆಗೆಯಲು ಹೋಗಿ, ಅವಳ ಹತ್ತಿರ ಉಳಿದಿದ್ದ ಒಂದೇ ಆಸರೆಯನ್ನೂ ಕಿತ್ತುಕೊಂಡಿದ್ದೆ. ಅಲ್ಲ ಕಣಮ್ಮ, ನಾನು ತೆಗೆದದ್ದು ಎಂದು ಎಷ್ಟು ಹೇಳಿದರೂ ಅವಳ ಕಿವಿಗೆ ಹೋಗಲಿಲ್ಲ. ವಾಮನರು ಒಂಟಿಕಾಲಿನಲ್ಲಿ ಗೋಡೆ ಹಿಡಿದು ಎದ್ದು, ಕಿಟಕಿಯ ಕಟ್ಟೆಯಿಂದ ಆರಿದ ಚಹವನ್ನು ತೆಗೆದುಕೊಂಡು, ಮಗಳ ಎದುರೇ ನಿಂತು ಪೂರ್ತಿ ಕುಡಿದರು. ಖಾಲಿ ಲೋಟವನ್ನು ಅವಳ ಕೈಗೇ ಕೊಟ್ಟರು. ಆಗ ಅವಳು ಅಳತೊಡಗಿದಳು.

ಮರುದಿನ ವರದಿ ಬರೆದು ಕಳುಹಿಸಿದೆ. ವಿಚಾರಣೆ ನಡೆದು, ಹದಿನಾಲ್ಕು ಕೊಳಗಳಿಂದ ಅಂಗಿಗಳನ್ನು ವಾಪಸು ತರಿಸಿದರು. ಮುನ್ನೂರು ಮಕ್ಕಳ ಮೈಯಿಂದ ಏನೇನು ಅಳಿಸಿ ಹೋಗಿದೆಯೆಂದು ಇನ್ನೂ ಹುಡುಕುತ್ತಿದ್ದಾರೆ. ಲೋಬೊ ನನ್ನ ಜೊತೆ ಮಾತಾಡುವುದಿಲ್ಲ. ಗುರಿಕಾರರು ಮತ್ತೆ ಸಭೆ ಕರೆದು, ಹುಡುಗಿಯನ್ನು ಸುಳ್ಳಿ ಎಂದದ್ದು ತಪ್ಪಾಯಿತು ಎಂದು ಎಲ್ಲರೆದುರು ಹೇಳಿದರು. ಬಲೆಗೆ ಇಳಿಯಬಹು‌ದು ಎಂದಾಗ ಬೇಡವೆಂದವಳು ಅವಳೇ.

ನಾನು ಅವಳಿಗೊಂದು ದಾರಿ ಹೇಳಿದೆ. ಮೊದಲ ದಿನದ ದಾಖಲೆ ನನ್ನ ಹತ್ತಿರ ಹಾಗೆಯೇ ಇದೆ, ಅಂಗಿಯಿಂದಲೇ ಆರು ವಾರದಲ್ಲಿ ಆರನೆಯ ಕೈಯನ್ನು ಅವಳ ಮೈಗೆ ವಾಪಸು ಬರೆಯಬಹುದು.

"ಬೇಡ ಮೇಡಂ. ಬರೆದದ್ದು ಉಂಟಾ ಇಲ್ವಾ ಅಂತ ಆಗಲೂ ನನಗೆ ಗೊತ್ತಾಗುದಿಲ್ಲ ಅಲ್ವಾ? ನಾನೇ ಕಲೀತೇನೆ."

"ನೀವು ಬನ್ನಿ ಭಾನುವಾರ" ಎಂದರು ವಾಮನರು. ನನ್ನ ಮುಖ ನೋಡದೆ ಬಲೆಗೆ ಹೇಳಿದಂತೆ ಹೇಳಿದರು. "ಅಪ್ಪ, ಅಮ್ಮ ಹೇಳಿದ್ರೆ ಸಮಾಧಾನಕ್ಕೆ ಹೇಳಿದ್ದು ಅಂತ ಅವಳಿಗೆ ಸಂಶಯ. ಲೆಕ್ಕ ನೀವು ಮಾಡಿ. ಯಂತ್ರ ಬೇಡ, ಕಣ್ಣಲ್ಲಿ."

ಅಂದಿನಿಂದ ಪ್ರತಿ ಭಾನುವಾರ ಬೆಳಿಗ್ಗೆ ಪಡುಕುದ್ರುವಿನ ದಡದಲ್ಲಿ ನಿಲ್ಲುತ್ತೇನೆ. ವಾಮನರು ಕುರ್ಚಿ ಹಾಕಿಕೊಂಡು ಪಕ್ಕದಲ್ಲಿ ಕೂರುತ್ತಾರೆ. ನಿಶ್ಮಿತಾ ಹತ್ತಿರದ ನೀರಿನಲ್ಲೇ ಅರವತ್ತು ಕೈ ಈಜಿ ಬಂದು, ಮೊಣಕಾಲುದ್ದ ನೀರಿನಲ್ಲಿ ನಿಂತು, "ನೋಡಿದ್ನಾ ಮೇಡಂ?" ಎಂದು ಕೇಳುತ್ತಾಳೆ. ಹತ್ತಕ್ಕೆ ಎಷ್ಟು ಎಂದು ಹೇಳಬೇಕಾದದ್ದು ನಾನು. ಬೇಸಿಗೆಯ ಕೊನೆಗೆ ಹತ್ತರಲ್ಲಿ ನಾಲ್ಕರವರೆಗೆ ಬಂದಿದ್ದಳು. ಕೆಲವು ವಾರ ಅದೂ ಇಲ್ಲ.

ಕಳೆದ ಭಾನುವಾರ ಅವಳು ನೀರಿನಿಂದ ಎದ್ದವಳೇ ಓಡಿ ಬಂದಳು. ಎಷ್ಟೋ ತಿಂಗಳ ಮೇಲೆ ಆ ಮುಖದಲ್ಲಿ ನಗುವಿತ್ತು.

"ಈ ಸಲ ಗೊತ್ತಾಯ್ತು ಮೇಡಂ! ಪ್ರತಿ ಸಲ ನೋಡಿದೆ. ನೀಲಿ ದೋಣಿ ಒಂದು ಆಚೆ ಹೋಯ್ತಲ್ಲ, ಅದೂ ಕಂಡಿತು. ಹತ್ತಕ್ಕೆ ಹತ್ತು, ಅಲ್ವಾ?"

ಕಡಲ ಮೇಲೆ ಆ ಬೆಳಿಗ್ಗೆ ಯಾವ ದೋಣಿಯೂ ಇರಲಿಲ್ಲ. ಅರವತ್ತು ಕೈಯಲ್ಲಿ ಒಮ್ಮೆಯೂ ಅವಳ ತಲೆ ಎದ್ದಿರಲಿಲ್ಲ. ಹೌದು ಎಂದುಬಿಡಬಹುದಿತ್ತು. ನನಗೆ ಬಹಳ ಆಸೆಯಾಯಿತು. ಇಂಥದೇ ಒಂದು ಬೆಳಿಗ್ಗೆ, ಗಾಜಿನ ಪಕ್ಕದಲ್ಲಿ, ಎರಡು ಸಲ ಹೌದು ಎಂದವಳು ನಾನು.

"ಇಲ್ಲಮ್ಮ" ಎಂದೆ. "ಒಂದೂ ಇಲ್ಲ."

ಅವಳ ನಗು ಅಲ್ಲೇ ನಿಂತಿತು. ಅಪ್ಪನ ಕಡೆ ನೋಡಿದಳು. ವಾಮನರು ಕಡಲಿನತ್ತ ಕೈ ತೋರಿಸಿದರು. ಅವಳು ಕೂದಲು ಹಿಂಡಿ ಕಟ್ಟಿಕೊಂಡು ತಿರುಗಿ ನೀರಿಗೆ ನಡೆದಳು.

"ಎಣಿಸಿ ಮೇಡಂ" ಎಂದರು ವಾಮನರು.

ಒಂದು, ಎರಡು, ಮೂರು, ನಾಲ್ಕು, ಐದು. ಆರು ಎನ್ನುವಾಗ ನನ್ನ ಗದ್ದವೇ ತಾನಾಗಿ ಮೇಲೆದ್ದಿತು. ಅವಳು ತಲೆ ತಗ್ಗಿಸಿಕೊಂಡೇ ಮುಂದೆ ಹೋದಳು.